ಸ್ವಂತ ವ್ಯಾಪಾರಸ್ಥನ ವೀಸಾ ಮೀಮಾಂಸೆ

ಲಕ್ಷಣ ಪ್ರಕರಣ

ಯಾರ ರಜೆ ಚೀಟಿಗೆ ಸಹಿ ಹಾಕಲು ಮೇಲೆ ಯಾರೂ ಇಲ್ಲವೋ, ಆ ಕಾರಣಕ್ಕೇ ಯಾರಿಗೆ ರಜೆಯೆಂಬುದೇ ಇಲ್ಲವೋ, ಅಂಥ ಜೀವಿಗೆ ಸ್ವಂತ ವ್ಯಾಪಾರಸ್ಥ ಎಂದು ಹೆಸರು. ದಕ್ಷಿಣ ಬೆಂಗಳೂರಿನಲ್ಲಿ ಇದರ ನಾಲ್ಕು ಪ್ರಭೇದಗಳು ಕಂಡುಬರುತ್ತವೆ. ಜಯನಗರ ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಸುತ್ತಮುತ್ತ ಬಟ್ಟೆ, ಪಾತ್ರೆ, ಕನ್ನಡಕ ಮಾರುವುದು ಮೊದಲನೆಯದು. ಜೆ.ಪಿ. ನಗರದ ಮನೆಯ ಮುಂಗೋಣೆಯಲ್ಲಿ ಟ್ಯೂಷನ್ನೋ ಸಂಗೀತ ಪಾಠವೋ ನಡೆಸುವುದು ಎರಡನೆಯದು. ಬನಶಂಕರಿ ಎರಡನೇ ಹಂತದಲ್ಲಿ ಕಾಂಡಿಮೆಂಟ್ಸ್ ಫಲಕದಡಿ ಚಕ್ಕುಲಿ, ಕೋಡುಬಳೆ ತೂಗುವುದು ಮೂರನೆಯದು. ಬಿ.ಟಿ.ಎಂ. ಲೇಔಟಿನ ಪಿ.ಜಿ. ಕಟ್ಟಡಗಳ ನಡುವೆ ಲ್ಯಾಪ್‌ಟಾಪನ್ನೇ ಕಾರ್ಖಾನೆ ಮಾಡಿಕೊಂಡ ಸಾಫ್ಟ್‌ವೇರ್ ಕನ್ಸಲ್ಟೆಂಟ್ ನಾಲ್ಕನೆಯದು.

ಈ ಜೀವಿ ಬೇಡುವುದು ವಿದೇಶದಲ್ಲಿ ದೀರ್ಘಾವಧಿ ತಂಗಲು ವೀಸಾ. ದೀರ್ಘಾವಧಿ ಎಂಬುದರ ಲಕ್ಷಣ ದೇಶಕ್ಕೊಂದು. ಷೆಂಗೆನ್ ರಾಷ್ಟ್ರಗಳಲ್ಲಿ ಯಾವುದೇ 180 ದಿನಗಳೊಳಗೆ 90 ದಿನ ಮೀರಿದರೆ ಅದು ದೀರ್ಘ. ಅದಕ್ಕೆ ಆಯಾ ದೇಶದ್ದೇ ರಾಷ್ಟ್ರೀಯ ವೀಸಾ ಬೇಕು. ಅಮೆರಿಕಕ್ಕೆ ಬಿ-2 ವೀಸಾದಲ್ಲಿ ಹೋದವರಿಗೆ ಅಲ್ಲಿನ ವಿಮಾನ ನಿಲ್ದಾಣದ ಅಧಿಕಾರಿ ಸಾಮಾನ್ಯವಾಗಿ ಆರು ತಿಂಗಳು ಬರೆದುಕೊಡುತ್ತಾನೆ. ಕೆನಡಾದ ಸೂಪರ್ ವೀಸಾದಲ್ಲಿ 2022ರಿಂದ ಅಪ್ಪ ಅಮ್ಮಂದಿರು ಒಂದೇ ಸಲಕ್ಕೆ ಐದು ವರ್ಷದವರೆಗೆ ಇರಬಹುದು. ಮಕ್ಕಳ ಆದಾಯದ ಪುರಾವೆಯೂ ಒಂದು ಲಕ್ಷ ಕೆನಡಾ ಡಾಲರಿಗೆ ಕಡಿಮೆಯಿಲ್ಲದ ಆರೋಗ್ಯ ವಿಮೆಯೂ ಜೊತೆಗಿರಬೇಕು. ಜರ್ಮನಿಯು ತನ್ನ ನಿವಾಸ ಕಾಯಿದೆಯ 21ನೇ ಕಲಮಿನಡಿ ಸ್ವಂತ ಉದ್ಯೋಗಿಗಳಿಗೇ ಬಾಗಿಲು ತೆರೆದಿದೆ. ಆದರೆ 45 ದಾಟಿದವರು ಮುಪ್ಪಿಗೆ ಏನು ಮಾಡಿಟ್ಟುಕೊಂಡಿದ್ದಾರೆಂದು ತೋರಿಸಬೇಕು. ‘ಮಗ ಇದ್ದಾನಲ್ಲ’ ಎಂಬ ಉತ್ತರವನ್ನು ಆ ಕಾಯಿದೆ ಪರಿಗಣಿಸಿಲ್ಲ.

ಪ್ರಯಾಣದ ಕಾರಣಗಳಲ್ಲಿ ಈ ಭಾಗದಲ್ಲಿ ಬಾಣಂತನವೇ ಪ್ರಧಾನ. ಮಗಳೋ ಸೊಸೆಯೋ ಡಾಲಸ್‌ನಿಂದ ಸುದ್ದಿ ಕೊಟ್ಟ ದಿನವೇ ಮನೆಯಲ್ಲಿ ಎರಡು ಕೆಲಸ ಒಟ್ಟಿಗೆ ಶುರುವಾಗುತ್ತವೆ: ಹೆಂಡತಿ ಅಂಟಿನುಂಡೆಯ ಸಾಮಾನು ಪಟ್ಟಿ ಮಾಡುತ್ತಾಳೆ, ಗಂಡ ಆಡಿಟರಿಗೆ ಫೋನು ಹಚ್ಚುತ್ತಾನೆ.

ಪೂರ್ವಪಕ್ಷ ಪ್ರಕರಣ

ಅಮೆರಿಕದ 1952ರ ವಲಸೆ ಕಾಯಿದೆಯ 214(ಬಿ) ಕಲಮು ಈ ಶಾಸ್ತ್ರದ ಮೂಲಸೂತ್ರ. ಅದರ ಪ್ರಕಾರ ಪ್ರವಾಸಿ ವೀಸಾ ಕೇಳಿ ಬಂದವನು ತಾನು ವಲಸೆ ಹೋಗುವವನಲ್ಲವೆಂದು ಅಧಿಕಾರಿಗೆ ಮನದಟ್ಟು ಮಾಡಿಕೊಡುವವರೆಗೆ ವಲಸಿಗನೇ. ಕೊಲೆ ಆರೋಪಿಯನ್ನು ನಿರಪರಾಧಿಯೆಂದು ಊಹಿಸಿ ವಿಚಾರಣೆ ಆರಂಭಿಸುವ ದೇಶ, ಮೊಮ್ಮಗುವಿಗೆ ಎಣ್ಣೆ ಒತ್ತಲು ಹೊರಟ ಅಜ್ಜಿಯ ವಿಷಯದಲ್ಲಿ ಆ ಊಹೆಯನ್ನು ತಿರುಗಿಸಿಕೊಂಡಿದೆ.

ಸಂಬಳದವನಿಗೆ ಇದು ದೊಡ್ಡ ತೊಡಕಲ್ಲ. ಕಚೇರಿಯಿಂದ ಒಂದು ಪತ್ರ ತಂದರೆ ಮುಗಿಯಿತು. ಸ್ವಂತ ವ್ಯಾಪಾರಸ್ಥನಾದರೋ ಎರಡು ಮಾತುಗಳನ್ನು ಏಕಕಾಲದಲ್ಲಿ ಸಾಧಿಸಬೇಕು. ತಾನಿಲ್ಲದಿದ್ದರೂ ಆರು ತಿಂಗಳು ಅಂಗಡಿ ನಡೆಯುತ್ತದೆ, ಆದ್ದರಿಂದ ಹೋಗಬಲ್ಲೆ ಎಂಬುದು ಮೊದಲನೆಯದು. ತಾನಿಲ್ಲದಿದ್ದರೆ ಅಂಗಡಿ ನಡೆಯುವುದೇ ಇಲ್ಲ, ಆದ್ದರಿಂದ ಬಂದೇ ಬರುತ್ತೇನೆ ಎಂಬುದು ಎರಡನೆಯದು. ಈ ವಿರೋಧಕ್ಕೆ ಪರಿಹಾರವಾಗಿ ‘ಭಾಮೈದ ನೋಡಿಕೊಳ್ಳುತ್ತಾನೆ’ ಎಂಬ ವಾಕ್ಯ ರೂಢಿಯಲ್ಲಿದೆ. ಭಾಮೈದನೆಂದರೆ ಅಂಗಡಿ ಮುಚ್ಚದಂತೆ ನೋಡಿಕೊಳ್ಳುವಷ್ಟು ಸಮರ್ಥ, ಮಾಲೀಕ ಬೇಗ ಬರಲೇಬೇಕೆನಿಸುವಷ್ಟು ಅಸಮರ್ಥ. ಹೀಗೆ ಎರಡೂ ಪಕ್ಷಗಳು ಒಂದೇ ವ್ಯಕ್ತಿಯಲ್ಲಿ ಸಿದ್ಧಿಸುತ್ತವೆ.

ಅದ್ವೈತ ಪ್ರಕರಣ

ಪ್ರೊಪ್ರೈಟರ್‌ಶಿಪ್ ಎಂಬುದು ಶುದ್ಧ ಅದ್ವೈತ. ಕಾನೂನಿನ ದೃಷ್ಟಿಯಲ್ಲಿ ಮಾಲೀಕ ಬೇರೆ, ಅಂಗಡಿ ಬೇರೆ ಅಲ್ಲ. ಭೇದ ತೋರುವುದು ಬರೀ ಬೋರ್ಡಿನಲ್ಲಿ. 1932ರ ಕಾಯಿದೆಯ ಪಾಲುದಾರಿಕೆ ವಿಶಿಷ್ಟಾದ್ವೈತ: ಪಾಲುದಾರರನ್ನು ಬಿಟ್ಟು ಸಂಸ್ಥೆಗೆ ಬೇರೆ ಅಸ್ತಿತ್ವವಿಲ್ಲ, ಆದರೂ ಎಲ್ಲರಿಗೂ ಅಂಶವುಂಟು. ಪ್ರೈವೇಟ್ ಲಿಮಿಟೆಡ್ ಖಚಿತ ದ್ವೈತ. ಅಲ್ಲಿ ಕಂಪನಿಯೇ ಪ್ರತ್ಯೇಕ ವ್ಯಕ್ತಿ. 2013ರ ಕಂಪನಿ ಕಾಯಿದೆ ಇನ್ನೂ ಮುಂದೆ ಹೋಗಿ ಏಕವ್ಯಕ್ತಿ ಕಂಪನಿಗೆ ಅವಕಾಶ ಕೊಟ್ಟಿತು. ಅದರಲ್ಲಿ ಇರುವವನು ಒಬ್ಬನೇ, ಲೆಕ್ಕಕ್ಕೆ ಇಬ್ಬರು.

ವೀಸಾ ಕಚೇರಿ ಮಾತ್ರ ಕಟ್ಟಾ ದ್ವೈತಿ. ರಜೆ ಕೊಡುವವನೂ ಪಡೆಯುವವನೂ ಬೇರೆಬೇರೆ ಎಂದೇ ಅದರ ಪಟ್ಟಿಗಳು ತಯಾರಾಗಿರುತ್ತವೆ. ಆದ್ದರಿಂದ ಅದ್ವೈತಿಯು ತಾತ್ಕಾಲಿಕವಾಗಿ ಇಬ್ಬರಾಗಬೇಕಾಗುತ್ತದೆ. ಲೆಟರ್‌ಹೆಡ್ ಮುದ್ರಿಸಿ, ರಬ್ಬರ್ ಸ್ಟ್ಯಾಂಪ್ ಮಾಡಿಸಿ, ಅವನು ಬರೆಯುವ ಪತ್ರದ ಒಕ್ಕಣೆ ಹೀಗೆ: ‘ನಮ್ಮ ಸಂಸ್ಥೆಯ ಮಾಲೀಕರಿಗೆ ಮಗಳ ಹೆರಿಗೆಯ ನಿಮಿತ್ತ ಆರು ತಿಂಗಳ ರಜೆ ಮಂಜೂರು ಮಾಡಲಾಗಿದೆ. ಅವರ ನಡತೆ ತೃಪ್ತಿಕರವಾಗಿದೆ. ಹಿಂದಿರುಗಿದ ಬಳಿಕ ಅವರನ್ನು ಅದೇ ಹುದ್ದೆಯಲ್ಲಿ ಮುಂದುವರಿಸಲಾಗುವುದು. ಇಂತಿ, ಮಾಲೀಕರು.’ ಇಷ್ಟು ವರ್ಷ ಯಾರೂ ಹೇಳದಿದ್ದ ನಡತೆಯ ಮಾತನ್ನು ಓದಿ ಕೆಲವು ಮಾಲೀಕರು ಸಹಿ ಹಾಕುವಾಗ ಭಾವುಕರಾಗುವುದುಂಟು.

ಪ್ರಮಾಣ ಪ್ರಕರಣ

ನ್ಯಾಯದರ್ಶನ ನಾಲ್ಕು ಪ್ರಮಾಣಗಳನ್ನು ಒಪ್ಪುತ್ತದೆ. ಪ್ರತ್ಯಕ್ಷವು ಇಲ್ಲಿ ನಿರುಪಯೋಗಿ. ಅಂಗಡಿ ಇರುವುದು ಜಯನಗರದಲ್ಲಿ, ಕಡತ ಹೋಗುವುದು ಬೇರೆಲ್ಲೋ. ‘ಪಕ್ಕದ ಅಂಗಡಿಯವರಿಗೆ ಸಿಕ್ಕಿತಲ್ಲ’ ಎಂಬ ಉಪಮಾನವನ್ನು ಯಾವ ದೇಶವೂ ಮಾನ್ಯ ಮಾಡಿಲ್ಲ.

ಅನುಮಾನ ಪ್ರಮಾಣವನ್ನು ಆದಾಯ ತೆರಿಗೆ ಇಲಾಖೆ ಮನಸಾರೆ ಒಪ್ಪಿದೆ. 1961ರ ಕಾಯಿದೆಯ 44ಎಡಿ ಕಲಮು ಹಾಕಿಕೊಟ್ಟ ಕ್ರಮದಂತೆ ಸಣ್ಣ ವ್ಯಾಪಾರಸ್ಥ ಲೆಕ್ಕದ ಪುಸ್ತಕ ಇಡದೆಯೇ ವಹಿವಾಟಿನ ಶೇ 8ರಷ್ಟನ್ನು, ಬ್ಯಾಂಕ್ ಮೂಲಕ ಬಂದ ಹಣಕ್ಕಾದರೆ ಶೇ 6ರಷ್ಟನ್ನು, ಆದಾಯವೆಂದು ಘೋಷಿಸಬಹುದು. ಅದಕ್ಕಿರುವ ಫಾರಂ ಐಟಿಆರ್-4. ಅದರ ಹೆಸರೇ ಸುಗಮ. ದುರ್ಗಮವಾಗುವುದು ವೀಸಾ ಕಾಲದಲ್ಲಿ. ವರ್ಷಕ್ಕೆ 30 ಲಕ್ಷದ ವ್ಯಾಪಾರ ಮಾಡಿ ಶೇ 8ರ ಲೆಕ್ಕದಲ್ಲಿ 2 ಲಕ್ಷ 40 ಸಾವಿರ ತೋರಿಸಿದವನು, ಆರು ತಿಂಗಳು ವಿದೇಶದಲ್ಲಿ ಹೇಗೆ ಇರುತ್ತಾನೆಂದು ಅಧಿಕಾರಿ ಕೇಳುತ್ತಾನೆ. ಶೂನ್ಯ ತೆರಿಗೆಯ ಸಂತೋಷ ಅಂದಿಗೆ ಅಸ್ತಮಿಸುತ್ತದೆ.

ಈ ದ್ವಂದ್ವದ ಪ್ರಾಯೋಗಿಕ ದರ್ಶನ 2025ರ ಜುಲೈನಲ್ಲಿ ಇಡೀ ನಗರಕ್ಕೆ ಆಯಿತು. ಯುಪಿಐ ಮೊತ್ತದ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವರ್ತಕರಿಗೆ ನೋಟಿಸು ಕಳಿಸಿತು. ಸರಕಿಗೆ 40 ಲಕ್ಷ, ಸೇವೆಗೆ 20 ಲಕ್ಷ ಮೀರಿದರೆ ಜಿಎಸ್‌ಟಿ ನೋಂದಣಿ ಬೇಕೆಂಬುದು ನಿಯಮ. ಬೇಕರಿ, ಕಾಂಡಿಮೆಂಟ್ಸ್‌ಗಳಲ್ಲಿ ಕ್ಯೂಆರ್ ಕೋಡ್ ಮಾಯವಾಗಿ ‘ನಗದು ಮಾತ್ರ’ ಎಂಬ ಚೀಟಿಗಳು ಅಂಟಿಕೊಂಡವು. ತೆರಿಗೆಯವರ ಮುಂದೆ ಅಣುವಾಗಿ, ವೀಸಾದವರ ಮುಂದೆ ಮಹತ್ತಾಗಿ ತೋರುವ ಈ ಅಣಿಮಾ-ಮಹಿಮಾ ಸಿದ್ಧಿಗೆ ಅಷ್ಟಸಿದ್ಧಿಗಳಲ್ಲಿ ಪುರಾತನ ಸ್ಥಾನವಿದೆ. ಆದರೆ ಎರಡನ್ನೂ ಒಂದೇ ಪ್ಯಾನ್ ನಂಬರಿನಲ್ಲಿ ಸಾಧಿಸುವ ಕ್ರಮ ಯೋಗಶಾಸ್ತ್ರದಲ್ಲಿ ಸಿಗುವುದಿಲ್ಲ.

ಉಳಿಯುವುದು ಶಬ್ದಪ್ರಮಾಣ, ಅಂದರೆ ಮೊಹರು. ಮೂರು ವರ್ಷದ ಐಟಿಆರ್, ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಉದ್ಯಮ್ ನೋಂದಣಿ, ಟ್ರೇಡ್ ಲೈಸೆನ್ಸ್, ಯುಡಿಐಎನ್ ಸಂಖ್ಯೆಯಿರುವ ಆಡಿಟರ್ ಪ್ರಮಾಣಪತ್ರ ಇವೇ ಪಂಚಾಂಗ. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಒಂದು ದೋಷ ವಿಶೇಷವಾಗಿ ಗಮನಾರ್ಹ. ವರ್ಷವಿಡೀ 40 ಸಾವಿರದ ಆಸುಪಾಸಿನಲ್ಲಿದ್ದ ಖಾತೆಗೆ ಅರ್ಜಿಯ ಹಿಂದಿನ ವಾರ ಭಾವನ ಕಡೆಯಿಂದ ಐದು ಲಕ್ಷ ಬಂದು ತಂಗುತ್ತದೆ. ಬಂದ ದಾರಿ ಕೇಳಿದರೆ ಅತಿಥಿ ಹಣ ಬಾಯಿಬಿಡದು. ಅಧಿಕಾರಿ ಮೊದಲು ನೋಡುವುದು ಆ ಸಾಲನ್ನೇ.

ನಾಮ ಪ್ರಕರಣ

ಕನ್ನಡಿಗರ ಹೆಸರಿನ ಮುಂದಿನ ಇನಿಷಿಯಲ್‌ಗಳಲ್ಲಿ ಊರೂ ಅಪ್ಪನೂ ಅಡಗಿರುತ್ತಾರೆ. ಪಾಸ್‌ಪೋರ್ಟಿಗಾಗಿ ಅವನ್ನು ಬಿಡಿಸಿದಾಗ ಊರು ಸರ್‌ನೇಮ್ ಆಗಿ ಕೂರುತ್ತದೆ. ಮುಂದೆ ವಿದೇಶದ ಆಸ್ಪತ್ರೆಯಲ್ಲಿ ‘ಮಿಸ್ಟರ್ ಹೊಳೆನರಸೀಪುರ’ ಎಂದು ಕೂಗಿದರೆ ಎದ್ದು ಹೋಗಬೇಕು. ಗಿವನ್ ನೇಮ್ ಜಾಗ ಖಾಲಿಯಿದ್ದರೆ ಅಮೆರಿಕದ ವೀಸಾದಲ್ಲಿ ‘ಎಫ್‌ಎನ್‌ಯು’ ಎಂದು ಅಚ್ಚಾಗುತ್ತದೆ. ಮೊದಲ ಹೆಸರು ಗೊತ್ತಿಲ್ಲ ಎಂಬುದು ಅದರ ತಾತ್ಪರ್ಯ. ಪ್ಯಾನ್, ಆಧಾರ್, ಪಾಸ್‌ಪೋರ್ಟ್, ಟ್ರೇಡ್ ಲೈಸೆನ್ಸ್ ನಾಲ್ಕರಲ್ಲೂ ಹೆಸರಿನ ಕಾಗುಣಿತ ಒಂದೇ ಇರುವ ವ್ಯಾಪಾರಸ್ಥ ಶಾಸ್ತ್ರದಲ್ಲುಂಟು, ಲೋಕದಲ್ಲಿ ಅಪರೂಪ.

ದೇಶಕಾಲ ಪ್ರಕರಣ

ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ 2025ರ ಜನವರಿ 17ರಂದು ಉದ್ಘಾಟನೆಯಾಯಿತು. ಆದರೆ ವೀಸಾ ಸೇವೆ ಇಲ್ಲದೆಯೇ. ಹೀಗಾಗಿ ದಕ್ಷಿಣ ಬೆಂಗಳೂರಿನವರಿಗೆ ಅಮೆರಿಕದ ದಾರಿ ಚೆನ್ನೈ ಮೇಲೆಯೇ ಉಳಿಯಿತು. ಅಲ್ಲಿಯದು ಮುಖದರ್ಶನ ಪಂಥ: ಎರಡು ಕಿಲೋ ಕಡತ ಹೊತ್ತು ಹೋದವನನ್ನು ‘ಏನು ವ್ಯಾಪಾರ, ಯಾರು ನೋಡಿಕೊಳ್ಳುತ್ತಾರೆ’ ಎಂದು ನಾಲ್ಕು ಮಾತು ಕೇಳಿ, ಕಡತ ಮುಟ್ಟದೆಯೇ ತೀರ್ಪು ಕೊಡುವುದು ಸಾಮಾನ್ಯ. ಯುರೋಪು, ಕೆನಡಾಗಳದು ಪತ್ರದರ್ಶನ ಪಂಥ. ಅಲ್ಲಿ ಕಡತವೇ ಮಾತಾಡಬೇಕು.

ಮುಹೂರ್ತದ ವಿಷಯದಲ್ಲಿ ಬನಶಂಕರಿಯವರಿಗೆ ಒಂದು ಅನುಕೂಲವಿದೆ. ಆನ್‌ಲೈನ್ ಸ್ಲಾಟ್ ರಾಹುಕಾಲ ನೋಡಿ ಸಿಗುವುದಿಲ್ಲ. ಶುಕ್ರವಾರ ಹನ್ನೊಂದಕ್ಕೆ ಸಿಕ್ಕಿದರೆ ಉಳಿದವರು ಕಂಗಾಲು. ಬನಶಂಕರಿ ಅಮ್ಮನಿಗಾದರೋ ರಾಹುಕಾಲದಲ್ಲೇ ಪೂಜೆ, ನಿಂಬೆಹಣ್ಣಿನ ದೀಪ. ಮಗಳು ಅಲ್ಲಿ ದೀಪ ಹಚ್ಚುವ ಹೊತ್ತಿಗೇ ತಂದೆ ಚೆನ್ನೈನಲ್ಲಿ ಬೆರಳಚ್ಚು ಕೊಡಬಹುದು. ಹೈದರಾಬಾದ್ ಬಳಿಯ ಚಿಲ್ಕೂರು ಬಾಲಾಜಿಗೆ ಹರಕೆಗೆ 11 ಸುತ್ತು, ವೀಸಾ ಬಂದ ಮೇಲೆ 108 ಸುತ್ತು ಎಂಬ ಮತವೂ ಇದೆ. ದೂರದ ಕಾರಣ ಈ ಭಾಗದಲ್ಲಿ ಅದಕ್ಕೆ ಅನುಯಾಯಿಗಳು ಕಡಿಮೆ.

ಸಿದ್ಧಾಂತ ಮತ್ತು ಫಲಶ್ರುತಿ

ವೀಸಾ ಅರ್ಜಿಯನ್ನು ಮೂರು ವಾರದಲ್ಲಿ ತುಂಬಬಹುದು. ಅದಕ್ಕೆ ಬೇಕಾದ ವ್ಯಾಪಾರಸ್ಥನನ್ನು ತಯಾರಿಸಲು ಮೂರು ಆರ್ಥಿಕ ವರ್ಷ ಹಿಡಿಯುತ್ತದೆ. ಮಗಳ ಮದುವೆಯ ವರ್ಷದಿಂದಲೇ ನಿಜವಾದ ಆದಾಯ ತೋರಿಸಿ, ವಹಿವಾಟನ್ನು ಬ್ಯಾಂಕಿನ ಮೂಲಕವೇ ನಡೆಸಿದವನಿಗೆ ಮೊಮ್ಮಗುವಿನ ವೇಳೆಗೆ ಭಾಮೈದನೂ ಬೇಡ, ಭಾವನ ಐದು ಲಕ್ಷವೂ ಬೇಡ. ಇದನ್ನು ಓದಿದವರಿಗೆ ವೀಸಾ ಸಿಕ್ಕೇ ಸಿಗುತ್ತದೆಂದು ಹೇಳಲು ಈ ಶಾಸ್ತ್ರಕ್ಕೆ ಅಧಿಕಾರವಿಲ್ಲ. ಸಿಗದಿದ್ದರೆ ಕಟ್ಟಿದ ಶುಲ್ಕ ಮಾತ್ರ ವಾಪಸ್ ಬರುವುದಿಲ್ಲ.