ಮಾಳಗಿ ಮ್ಯಾಲಿನ ಇಂಟರ್ನಪ್ಪ

ಹುಲಗೂರಿನಲ್ಲಿ ಬೆಳಿಗ್ಗೆ ಹತ್ತರ ಹೊತ್ತಿಗೆ ದುಡಿಯುವವರು ಹೊಲದಲ್ಲಿರುತ್ತಾರೆ, ಕಲಿಯುವವರು ಶಿಗ್ಗಾಂವಿ ಬಸ್ಸಿನಲ್ಲಿರುತ್ತಾರೆ. ಪೂರ್ತಿ ದುಡಿಯುವವನೂ ಅಲ್ಲದ, ಪೂರ್ತಿ ಕಲಿಯುವವನೂ ಅಲ್ಲದ ಒಬ್ಬ ಮಾತ್ರ ಮಾಳಗಿಯ ಮೇಲಿರುತ್ತಾನೆ. ಅವನೇ ಇಂಟರ್ನಪ್ಪ.

ಹೆಸರಿಟ್ಟವಳು ಅವನ ಅಮ್ಮ. ನಮ್ಮ ಕಡೆ ಅಮ್ಮ ಎಂದರೆ ಅಪ್ಪನ ತಾಯಿ, ಹೆತ್ತವಳು ಅವ್ವ. ಎಂಜಿನಿಯರಿಂಗಿನ ಕೊನೇ ವರ್ಷದಲ್ಲಿ "ನಾ ಇಂಟರ್ನ್ ಆದೆ" ಎಂದು ಮೊಮ್ಮಗ ಪೇಢೆ ಕೊಟ್ಟಾಗ ಮುದುಕಿ "ಯಾವೂರ ದೇವರಪಾ ಅದು?" ಎಂದು ಪೇಢೆಯನ್ನು ಹಣೆಗೆ ಮುಟ್ಟಿಸಿಯೇ ಬಾಯಿಗೆ ಹಾಕಿಕೊಂಡಿದ್ದಳು. ಕಂಪನಿ ಇರುವುದು ಬೆಂಗಳೂರಿನಲ್ಲಿ. ಅಲ್ಲಿಗೆ ಹೋದರೆ ಸ್ಟೈಪೆಂಡನ್ನೆಲ್ಲ ಪೀಜಿ ಓನರ್‌ಗೆ ಸುರಿಯಬೇಕು. ಹಾಗಾಗಿ ಇಂಟರ್ನಪ್ಪ ಊರಲ್ಲೇ ಕುಂತು ಬೆಂಗಳೂರಿನ ಕೆಲಸ ಮಾಡುತ್ತಾನೆ. ಮನೆಯೊಳಗೆ ನೆಟ್ ಸಿಗುವುದಿಲ್ಲ. ಸಿಗುವುದು ಮಾಳಗಿಯ ಮೂಡಣ ಮೂಲೆಯಲ್ಲಿ, ಅವ್ವ ಮೆಣಸಿನಕಾಯಿ ಒಣಗಲು ಹರವಿದ ಕಡೆ. ನನ್ನ ಮಾಳಗಿ ಪಕ್ಕದ್ದೇ ಆದ್ದರಿಂದ ಈ ಕಂಪನಿಯ ವ್ಯವಹಾರವೆಲ್ಲ ಪುಗಸಟ್ಟೆಯಾಗಿ ನನ್ನ ಕಿವಿಗೆ ಬೀಳುತ್ತದೆ.

ದಿನ ಶುರುವಾಗುವುದು ಸ್ಟ್ಯಾಂಡ್‌ಅಪ್‌ನಿಂದ. ಹೆಸರೇ ಹೇಳುವಂತೆ ನಿಂತು ಮಾಡುವ ಸಭೆ. ಇವನು ಕುಂತೇ ಮಾಡುತ್ತಾನೆ. ನಿಂತರೆ ಸಿಗ್ನಲ್ ಹೋಗುತ್ತದೆ. ನಿನ್ನೆ ಏನು ಮಾಡಿದಿ, ಇವತ್ತು ಏನು ಮಾಡುತ್ತಿ, ಅಡ್ಡಿ ಏನಾದರೂ ಇದೆಯೇ, ಇಷ್ಟೇ ಮೂರು ಪ್ರಶ್ನೆ. ಮೂರನೆಯದಕ್ಕೆ ಇವನ ಉತ್ತರ ದಿನವೂ "ನೋ ಬ್ಲಾಕರ್ಸ್". ಹಾಗೆನ್ನುವಾಗ ಕರೆಂಟು ಹೋಗಿ ಅರ್ಧ ತಾಸಾಗಿರುತ್ತದೆ, ಫೋನಿನ ಚಾರ್ಜು ಒಂಬತ್ತಕ್ಕೆ ಇಳಿದಿರುತ್ತದೆ, ಕಾಯಿಯ ಘಾಟಿಗೆ ಸೀನು ಮೂಗಿನ ತುದಿಗೆ ಬಂದು ನಿಂತಿರುತ್ತದೆ. "ಬ್ಯಾಡಗಿ ಕಾಯಿಗೆ ಖಾರ ಎಲ್ಲೈತೋ, ಬರೇ ಬಣ್ಣ" ಎಂದು ಅಮ್ಮ ಕೆಳಗಿನಿಂದಲೇ ಅವನ ಸೀನನ್ನು ತಳ್ಳಿಹಾಕುತ್ತಾಳೆ.

ಕೆಲಸ ಕಲಿಸುವ ಮೆಂಟರ್ ಇವನಿಗಿಂತ ಮೂರೇ ವರ್ಷ ದೊಡ್ಡವನು. "ಸರ್ ಅನ್ನಬೇಡ, ಹೆಸರು ಹಿಡಿದು ಕರಿ" ಎಂದು ಅಪ್ಪಣೆ ಮಾಡಿದ್ದಾನೆ. ಹಾವೇರಿ ಜಿಲ್ಲೆಯ ನಾಲಿಗೆ 'ರೀ' ಇಲ್ಲದೆ ದಾರಿಹೋಕನ ಹತ್ತಿರ ಟೈಮೂ ಕೇಳುವುದಿಲ್ಲ. ಸರ್ ಬಿಟ್ಟ ಇಂಟರ್ನಪ್ಪ "ಓಕೆ ರೀ", "ಡನ್ ರೀ" ಎಂದು ಬರೆಯತೊಡಗಿದ. ತಂಡದಲ್ಲಿದ್ದ ದಿಲ್ಲಿಯ ಹುಡುಗಿ "ಈ ರೀ ಯಾವ ಕಮಾಂಡು?" ಎಂದು ಕೇಳಿದಳಂತೆ.

ಇನ್ನು ಕೆಲಸ. ಲಾಗಿನ್ ಪುಟದಲ್ಲಿ ಒಂದು ಗುಂಡಿ ಇದೆ. ಅದನ್ನು ಎರಡು ಪಿಕ್ಸೆಲ್ ಬಲಕ್ಕೆ ಸರಿಸಬೇಕು. ಇದಕ್ಕೆ ಹನ್ನೊಂದು ದಿನವಾಯಿತು. ಗುಂಡಿ ಸರಿದರೆ ಪಕ್ಕದ ಅಕ್ಷರ ಜಾರುತ್ತದೆ, ಅಕ್ಷರ ಹಿಡಿದರೆ ಮೊಬೈಲಿನಲ್ಲಿ ಗುಂಡಿಯೇ ಮಾಯ. "ನನ್ನ ಲ್ಯಾಪ್‌ಟಾಪಿನ್ಯಾಗ ಬರೋಬರಿ ಐತ್ರಿ" ಎಂದು ಇವನು ಗೋಳಾಡುತ್ತಾನೆ. ಆ ಲ್ಯಾಪ್‌ಟಾಪನ್ನು ಗಿರಾಕಿಗೆ ಕಳಿಸಲು ಬರುವುದಿಲ್ಲವೆಂದು ಆ ಕಡೆಯಿಂದ ಉತ್ತರ. ಅಮ್ಮನಿಗಂತೂ ಗೊತ್ತಿರುವುದು ಅಂಗಿಯ ಗುಂಡಿ ಒಂದೇ. "ಒಂದು ಗುಂಡಿ ಹಚ್ಚಾಕ ಹನ್ನೊಂದು ದಿನ ಏನೋ? ಸೂಜಿ ಪೋಣಿಸಿ ಕೊಡು, ನಾನ ಹಚ್ಚತೇನಿ."

ಅಪ್ಪ ಹಾಗಲ್ಲ, ವಿಷಯ ಹಿಡಿಯುವ ಮನುಷ್ಯ. ಒಂದು ದಿನ ಮಗ ತಲೆ ಮೇಲೆ ಕೈ ಹೊತ್ತು ಕುಂತಿದ್ದ. ಒಂದೇ ಫೈಲಿನ ಒಂದೇ ಸಾಲನ್ನು ಇವನೂ ತಿದ್ದಿದ್ದಾನೆ, ಇನ್ನೊಬ್ಬನೂ ತಿದ್ದಿದ್ದಾನೆ. ಯಾರದನ್ನು ಉಳಿಸಲಿ ಎಂದು ಗಿಟ್ ಎಂಬ ತಂತ್ರಾಂಶ ಕೇಳುತ್ತಿದೆ. ಮರ್ಜ್ ಕಾನ್‌ಫ್ಲಿಕ್ಟ್ ಎನ್ನುತ್ತಾರೆ. ಅಪ್ಪ ಎಲೆಗೆ ಸುಣ್ಣ ಹಚ್ಚುತ್ತ ಎಲ್ಲ ಕೇಳಿ ಹೇಳಿದ: "ಅಂದ್ರ ಒಂದ ಬದುವಿಗೆ ಅಣ್ತಮ್ಮರಿಬ್ಬರೂ ಕುಂಟಿ ಹೊಡದಂಗಾತು. ಮೋಜಣಿಯವರನ್ನ ಕರಸಿ ಕಲ್ಲ ನೆಡಸ್ರಿ." ಲಿನಸ್ ಟೋರ್ವಾಲ್ಡ್ಸ್ 2005ರಲ್ಲಿ ಗಿಟ್ ಬರೆಯುವ ಮೊದಲು ನಮ್ಮ ಊರ ಕಟ್ಟೆಯ ಮೇಲೆ ಒಂದು ವಾರ ಕುಂತಿದ್ದರೆ ಕಲ್ಲು ನೆಡುವ ಸೌಲಭ್ಯವನ್ನೂ ಸೇರಿಸುತ್ತಿದ್ದ. ಯಾವ ಸಾಲು ಯಾರು ಕೆಡಿಸಿದರು ಎಂದು ಬೆರಳು ಮಾಡಲು ಅದರಲ್ಲಿ 'ಬ್ಲೇಮ್' ಎಂಬ ಕಮಾಂಡ್ ಆಗಲೇ ಇದೆ. ನಮ್ಮ ಕಟ್ಟೆ ಆ ಕೆಲಸವನ್ನು ನೆಟ್ ಇಲ್ಲದೆಯೂ ಮಾಡುತ್ತದೆ.

ಇಂಟರ್ನಪ್ಪನನ್ನು ಹೆಚ್ಚು ಕಾಡುವುದು ಸುಧಾ ಮೂರ್ತಿಯವರು, ಅಥವಾ ಅವರ ಹೆಸರಲ್ಲಿ ಬುದ್ಧಿ ಹೇಳುವ ಊರ ಹಿರಿಯರು. ಸುಧಾ ಮೂರ್ತಿಯವರು 1950ರಲ್ಲಿ ಹುಟ್ಟಿದ್ದು ಶಿಗ್ಗಾಂವಿಯಲ್ಲಿ. ಆ ಲೆಕ್ಕಕ್ಕೆ ಇನ್ಫೋಸಿಸ್ ಎಂದರೆ ನಮ್ಮ ತಾಲೂಕಿನ ಅಳಿಯ ತೆರೆದ ಅಂಗಡಿ. ಕಟ್ಟೆ ದಾಟುವಾಗ ಯಾರಾದರೂ ಹಿಡಿದು ನಿಲ್ಲಿಸುತ್ತಾರೆ.

"ತಮ್ಮಾ, ಎಷ್ಟು ಕೊಡ್ತಾರ ನಿಮ್ಮ ಕಂಪನ್ಯಾಗ?"

"ಹತ್ತು ಸಾವಿರರೀ ಕಾಕಾ."

"1981ರಾಗ ಆಕಿ ಅಷ್ಟ ರೊಕ್ಕ ಗಂಡನ ಕೈಯಾಗ ಕೊಟ್ಟು ಕಂಪನೀನ ತೆಗಸಿದಳು. ನೀ ತಿಂಗಳಾ ತಿಂಗಳಾ ಇಸಗೊಂಡು ಏನ ತೆಗದಿ?"

ಇದಕ್ಕೆ ಉತ್ತರ ಯಾವ ಕೋಡಿಂಗ್ ಪುಸ್ತಕದಲ್ಲೂ ಇಲ್ಲ.

ಮಧ್ಯಾಹ್ನ ರೊಟ್ಟಿ ಮುಗಿದ ಮೇಲೆ ಬೆಂಗಳೂರು ಸ್ವಲ್ಪ ತೂಕಡಿಸುತ್ತದೆ, ಹುಲಗೂರು ಏಣಿ ಹತ್ತುತ್ತದೆ. ಫ್ರೂಟ್ಸ್ ಐಡಿ ಇಲ್ಲದವರು, ಬೆಳೆ ಸಮೀಕ್ಷೆಯಲ್ಲಿ ಗೋವಿನಜೋಳದ ಹೊಲ ಹತ್ತಿಯಾಗಿ ಕಂಡವರು, ಪಿಎಂ ಕಿಸಾನ್‌ನ ಎರಡು ಸಾವಿರ ಬಾರದವರು. ನಾನೂ ಒಮ್ಮೆ ಹೋಗಿದ್ದೆ. ಇ-ಕೆವೈಸಿ ಮಾಡಬೇಕು, ಓಟಿಪಿ ಬರುತ್ತದೆ ಎಂದ. ಬಂತು, ಪುಣೆಯಲ್ಲಿರುವ ಅಳಿಯನ ಫೋನಿಗೆ. ಅಳಿಯನಿಗೆ ಫೋನ್ ಮಾಡಿದರೆ ಬಿಜಿ. ತೆಗೆದುಕೊಂಡಾಗ ಯೋಗಕ್ಷೇಮ ಕೇಳದೆ ಅಂಕಿ ಕೇಳುವುದು ಹೇಗೆ? ಮಳೆ, ಮಗಳು, ಮೊಮ್ಮಗನ ಸಾಲಿ ಮುಗಿಸಿ ವಿಷಯಕ್ಕೆ ಬರುವಷ್ಟರಲ್ಲಿ ಓಟಿಪಿಯ ಆಯುಷ್ಯ ತೀರಿತ್ತು. ಇಂಟರ್ನಪ್ಪ ಒಂದು ಮಾತೂ ಆಡದೆ ಮತ್ತೊಮ್ಮೆ ಕಳಿಸಿದ. ಗುಂಡಿ ಸರಿಸಲು ಹನ್ನೊಂದು ದಿನ ತೆಗೆದುಕೊಂಡ ಹುಡುಗ ಮಾಳಗಿಯ ಮೇಲೆ ಒಂದೇ ತಾಸಿನಲ್ಲಿ ಆರು ಜನರನ್ನು ದಾಟಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪಹಣಿಗಾಗಿ ಅಲೆದ ಕಾಲಿನವನಾದ ನನಗೆ ಇದು ಸಣ್ಣ ಸಂಗತಿಯಲ್ಲ. ಆಗ ತಲಾಠಿ ಬರೆದದ್ದನ್ನು ಓದಲು ತಲಾಠಿಯೇ ಬೇಕಿತ್ತು. ಕೆಲವೊಮ್ಮೆ ಅವರಿಗೂ ಆಗುತ್ತಿರಲಿಲ್ಲ. 'ಭೂಮಿ' ಎಂಬ ತಂತ್ರಾಂಶ ಬಂದು ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಕಂಪ್ಯೂಟರಿಗೆ ಹತ್ತಿದ ಮೇಲೆ ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಅಚ್ಚಾದ ಕಾಗದ ಸಿಕ್ಕಿತು. ಆ ತಂತ್ರಾಂಶ ಬರೆಯುವಾಗಲೂ ಯಾವನೋ ಒಬ್ಬ ಹುಡುಗ ಗುಂಡಿ ಸರಿಸುತ್ತ ಕುಂತಿದ್ದಿರಬೇಕು.

ಸಂಜೆ ಮತ್ತೆ ಬೆಂಗಳೂರು ಎಚ್ಚರಾಗುತ್ತದೆ. ಮೆಮೊರಿ ಲೀಕ್ ಆಗುತ್ತಿದೆಯೆಂದು ಮೆಂಟರನ ಕೂಗಾಟ. ನೆನಪು ಸೋರುವುದಕ್ಕೆ ಇಷ್ಟೇಕೆ ಗಾಬರಿಯೋ! ನಮ್ಮ ದರ್ಗಾದ ಖಾದರಷಾವಲಿಗೆ ಹರಕೆ ಹೊತ್ತು ತಂದೆತಾಯಿ ಪಡೆದ ಮಗ ಶಿಶುನಾಳ ಷರೀಫರು. ಮಾಳಿಗೆ ಸೋರುವುದನ್ನೇ ತತ್ವಪದ ಮಾಡಿ ಹಾಡಿದ ಅಂಥವರ ಸೀಮೆಯಲ್ಲಿ ಸೋರಿಕೆಗೆ ಯಾರೂ ರಾತ್ರಿ ನಿದ್ದೆಗೆಡುವುದಿಲ್ಲ. ಅಂದಹಾಗೆ ಇಂಟರ್ನಪ್ಪನ ಮಾಳಗಿಯೂ ಸೋರುತ್ತದೆ. ಹೋದ ಮಳೆಗಾಲದಲ್ಲಿ ಓಣಿಯ ಕಡೆಯ ಕುಂಬಿ ಬಿತ್ತು. ಸ್ಟೈಪೆಂಡ್ ಬಂದ ಮೇಲೆ ಕಟ್ಟಿಸೋಣ ಎಂದಿದ್ದರು. ಸ್ಟೈಪೆಂಡ್ ಬಂದು ಹೋಯಿತು, ಕುಂಬಿ ಬರಲಿಲ್ಲ.

ಮೊನ್ನೆ ರಾತ್ರಿ ಹನ್ನೊಂದಕ್ಕೆ ಹನ್ನೆರಡನೆಯ ದಿನದ ಗುಂಡಿ ಕೊನೆಗೂ ಕೂಡಬೇಕಾದ ಜಾಗದಲ್ಲಿ ಕುಂತಿತು. ಸೆಕೆಗೆ ನಾನು ನನ್ನ ಮಾಳಗಿಯ ಮೇಲೆ ಮಲಗಿದ್ದೆ. ಆ ಕಡೆ ಕತ್ತಲಲ್ಲಿ ನೀಲಿ ಬೆಳಕಿನ ಮುಖ ಫೋನಿನಲ್ಲಿ ಹೇಳುತ್ತಿತ್ತು: "ಹೂಂ ರೀ, ಈಗ ಪುಶ್ ಮಾಡ್ತೇನಿ... ಹೂಂ, ಫೋರ್ಸ್ ಪುಶ್ಶ ಮಾಡ್ತೇನ್ರೀ..."

ತಪ್ಪು ನನ್ನದೇ. ಪುಶ್ ಅಂದರೇನು ಎಂದು ಮುದುಕಿ ಹಗಲು ಕೇಳಿದಾಗ ದಬ್ಬುವುದು ಎಂದು ಹೇಳಿದ್ದೆ. ಕೆಳಗಿನ ಪಡಸಾಲೆಯಿಂದ ದನಿ ಬಂತು:

"ಯಾರನ್ನೋ ದಬ್ಬಾಕತ್ತಿ ಇಷ್ಟೊತ್ತಿನ್ಯಾಗ? ಓಣಿ ಕಡೆ ಕುಂಬಿ ಇಲ್ಲಲೇ, ಜ್ವಾಕಿ!"