ಉಳಿದದ್ದರ ಉದಾರಿಗಳು

ಮಂಗಳೂರಿನ ಪಣಂಬೂರಿನ ಆಸುಪಾಸಿನಲ್ಲಿ ಒಂದು ದೊಡ್ಡ ಶಾಲೆ ಇದೆ ಎಂದಿಟ್ಟುಕೊಳ್ಳಿ. ಹೆಸರು ಬೇಡ, ಅದು ನನ್ನ ಕಲ್ಪನೆಯದ್ದು. ಆದರೆ ಅಂಥದ್ದೊಂದು ನಿಮ್ಮೂರಲ್ಲೂ ಇದ್ದೀತು, ಬಸ್ಸಿನ ಬಣ್ಣ ಮಾತ್ರ ಬೇರೆ. ಅಲ್ಲಿಯ ಕ್ಯಾಂಟೀನಿನಲ್ಲಿ ದಿನವೂ ಫ್ರೈಡ್‌ರೈಸ್, ಪಾಸ್ತಾ, ಸಾಂಬಾರು ಪಾತ್ರೆಗಟ್ಟಲೆ ಉಳಿಯುತ್ತದೆ. ಆಡಳಿತ ಮಂಡಳಿ ಸಭೆ ಸೇರಿತು. ಗೋಡಂಬಿ ಮೆಲ್ಲುತ್ತ ಬಹಳ ಹೊತ್ತು ಮರುಗಿ ಒಂದು ನಿರ್ಣಯಕ್ಕೆ ಬಂತು: ನಮ್ಮ ಮಕ್ಕಳಿಗೆ ಬೇಡವಾದದ್ದನ್ನು ಆಶ್ರಮಕ್ಕೆ ದಾನ ಮಾಡೋಣ.

ಮಕ್ಕಳಿಗೆ ಅದು ಯಾಕೆ ಬೇಡವಾಯಿತು ಎಂದು ಯಾರೂ ಕೇಳಲಿಲ್ಲ. ಅದು ಅಜೆಂಡಾದಲ್ಲಿ ಇರಲಿಲ್ಲ.

ಪಣಂಬೂರಿನಲ್ಲಿ ನಿಂತರೆ ಒಂದು ತುತ್ತಿನ ಜಾತಕವನ್ನೇ ಓದಬಹುದು. ಗದ್ದೆಗೆ ಬೇಕಾದ ಯೂರಿಯಾ ಇಲ್ಲಿಯ ಎಂ.ಸಿ.ಎಫ್. ಎಂದೇ ಹೆಸರಾದ ರಸಗೊಬ್ಬರ ಕಾರ್ಖಾನೆಯಲ್ಲಿ 1976ರಿಂದ ತಯಾರಾಗುತ್ತಿದೆ. ಆ ಯೂರಿಯಾಕ್ಕೆ ಬೇಕಾದ ಅನಿಲ ಕೊಚ್ಚಿಯಿಂದ 450 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಬರುತ್ತದೆ; 2021ರ ಜನವರಿಯಲ್ಲಿ ಪ್ರಧಾನಿಯವರೇ ಅದನ್ನು ಉದ್ಘಾಟಿಸಿದರು. ಕರಿಯುವ ತಾಳೆ ಎಣ್ಣೆ ಕಡಲು ದಾಟಿ ನವಮಂಗಳೂರು ಬಂದರಿನಲ್ಲಿ ಇಳಿಯುತ್ತದೆ. ಹೀಗೆ ಹಡಗು, ಕೊಳವೆ, ಲಾರಿಗಳೆಲ್ಲ ಬೆವರಿ ತಟ್ಟೆಗೆ ತಂದ ಅನ್ನ ಹತ್ತು ನಿಮಿಷ ಅಲ್ಲಿ ಕೂತು, ಯಾರೂ ಮಾತನಾಡಿಸದ ಕಾರಣ ಪಚ್ಚನಾಡಿಯ ಕಸದ ಗುಡ್ಡಕ್ಕೆ ಹೊರಡುತ್ತದೆ.

ಗುಡ್ಡವಾದರೂ ಸುಮ್ಮನಿತ್ತೇ? 2019ರ ಆಗಸ್ಟ್‌ ಮಳೆಗೆ ಜಾರಿ ಕೆಳಗಿನ ಮಂದಾರದ ಮನೆಗಳ ಮೇಲೆ, ಅಡಿಕೆ-ತೆಂಗಿನ ತೋಟಗಳ ಮೇಲೆ ಬಂದು ಕೂತಿತು. ಮಂಗಳೂರು ತಿನ್ನದೆ ಬಿಟ್ಟದ್ದು ಹೋಗಿ ಮಂದಾರವನ್ನು ತಿಂದಿತು. 2022ರಲ್ಲಿ ಜಗತ್ತು 105 ಕೋಟಿ ಟನ್ ಆಹಾರ ಬಿಸಾಡಿತೆಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಅಷ್ಟು ದೊಡ್ಡ ಲೆಕ್ಕ ತಲೆಗೆ ಹೋಗದವರು ಮಂದಾರಕ್ಕೆ ಹೋಗಿ ಬರಬಹುದು, ಸಿಟಿ ಬಸ್ಸು ಸಾಕು.

ದಾನದ ಕಥೆಗೆ ಬರೋಣ. ಶಾಲೆಯ ಊಟ ಮುಗಿದು, ಉಳಿದದ್ದನ್ನು ಡಬ್ಬಿಗೆ ತುಂಬಿಸಿ, ಬ್ಯಾನರ್ ಕಟ್ಟಿದ ವಾಹನ ವೃದ್ಧಾಶ್ರಮ ತಲುಪುವಾಗ ಮೂರೂವರೆ. ಅಜ್ಜಿಯಂದಿರು ಹನ್ನೆರಡೂವರೆಗೇ ಗಂಜಿ ಉಂಡು ಮಲಗಿದ್ದಾರೆ. ಅವರನ್ನು ಎಬ್ಬಿಸಿ ಸಾಲಾಗಿ ಕೂರಿಸುತ್ತಾರೆ. "ಇದೆಂತದು ಮಾರಾಯ್ರೆ, ಹುಳದ ಹಾಗೆ?" ಎಂದು ಒಬ್ಬರು ಕೇಳಿದರೆ, "ಪಾಸ್ತಾ ಅಜ್ಜಿ, ಇಟಲಿಯದ್ದು" ಎಂದು ಮಂಡಳಿಯವರು ನಗುತ್ತಾರೆ. ಫೋಟೊ ಆಗುತ್ತದೆ. ಆಶ್ರಮದವರು ಬೇಡ ಎನ್ನುವ ಹಾಗಿಲ್ಲ; ಎಂದರೆ ಮುಂದಿನ ತಿಂಗಳ ಅಕ್ಕಿಮೂಟೆಯೂ ಬಾರದು. ಸಂಜೆಗೆ ಅದೇ ಪಾಸ್ತಾ ಆಶ್ರಮದ ಕಸದ ಬುಟ್ಟಿಗೆ ಬೀಳುತ್ತದೆ, ಅಲ್ಲಿಂದ ಪಚ್ಚನಾಡಿಗೆ. ಇಷ್ಟೆಲ್ಲ ಓಡಾಟದಿಂದ ಬದಲಾದದ್ದು ಕಸದ ವಿಳಾಸ ಒಂದೇ.

ಕಾನೂನೇನೋ ಇದೆ. ಉಳಿದ ಆಹಾರದ ಸಂಗ್ರಹ ಮತ್ತು ಹಂಚಿಕೆಗೆಂದೇ ಆಹಾರ ಸುರಕ್ಷತಾ ಪ್ರಾಧಿಕಾರ 2019ರಲ್ಲಿ ನಿಯಮ ತಂದಿದೆ. ಹಂಚುವವರು ನೋಂದಾಯಿಸಿಕೊಳ್ಳಬೇಕು, ಏನು ಆಹಾರ, ಎಂದು ತಯಾರಾದದ್ದು, ಸಸ್ಯಾಹಾರವೋ ಮಾಂಸಾಹಾರವೋ ಎಂದು ಚೀಟಿ ಅಂಟಿಸಬೇಕು. ನಮ್ಮ ಮಂಡಳಿಯೂ ಚೀಟಿ ಅಂಟಿಸಿತು: ಶಾಲೆಯ ಲಾಂಛನ, ಧ್ಯೇಯವಾಕ್ಯ, ಅಧ್ಯಕ್ಷರ ಭಾವಚಿತ್ರ. ತಯಾರಿಸಿದ ದಿನಾಂಕಕ್ಕೆ ಜಾಗ ಸಾಲಲಿಲ್ಲ.

ಮುಟ್ಟದ, ಬಿಸಿ ಆರದ ಊಟ ಹೊತ್ತಿಗೆ ಸರಿಯಾಗಿ ಹಸಿದವರಿಗೆ ಮುಟ್ಟಿದರೆ ಕೈಮುಗಿಯೋಣ. ಹಾಗೆ ಮುಟ್ಟಿಸುವ ಯುವಕರು ಊರೂರಲ್ಲಿದ್ದಾರೆ, ರಾತ್ರಿ ಮದುವೆ ಛತ್ರಗಳ ಹಿಂಬಾಗಿಲಲ್ಲಿ ಕಾಯುತ್ತಾರೆ. ಆದರೆ ಮದುವೆಗೆ ಎಷ್ಟು ಜನ ಬರುತ್ತಾರೆಂಬುದು ದೇವರಿಗೂ ಗೊತ್ತಿಲ್ಲ. ಶಾಲೆಗೆ ಎಷ್ಟು ಮಕ್ಕಳು ಬಂದಿದ್ದಾರೆಂಬುದು ಹಾಜರಿ ಪುಸ್ತಕದಲ್ಲೇ ಇದೆ. ದಿನವೂ, ವರ್ಷವಿಡೀ ಉಳಿಯುವುದಾದರೆ ಅದನ್ನು ಆಕಸ್ಮಿಕ ಎನ್ನುವುದು ಹೇಗೆ?

ಪಕ್ಕದ ಸರ್ಕಾರಿ ಶಾಲೆಗೆ ಹೋಗಿ ನೋಡಿ. 2002ರಲ್ಲಿ ಶುರುವಾದ ಅಕ್ಷರ ದಾಸೋಹದ ಅಡುಗೆಯಕ್ಕ ಬೆಳಿಗ್ಗೆ ಹಾಜರಿ ಕೇಳಿಯೇ ಅಕ್ಕಿ ಅಳೆಯುತ್ತಾಳೆ: ಐದನೆಯ ತರಗತಿವರೆಗೆ ತಲಾ 100 ಗ್ರಾಂ, ಆರರಿಂದ ಎಂಟಕ್ಕೆ 150. ಗೌರವಧನವೆಂಬ ಪುಡಿಗಾಸಿಗೆ ದುಡಿಯುವ ಅವಳಿಗೆ ತಿಳಿದ ಈ ವಿದ್ಯೆ ಎಂ.ಬಿ.ಎ. ಓದಿದ ಮಂಡಳಿಗೆ ತಿಳಿದಿಲ್ಲ, ಯಾಕೆಂದರೆ ಅವರು ಅಳೆಯುವುದು ಫೀಸು ಕಟ್ಟಿದ ತಲೆಗಳನ್ನು, ಹೊಟ್ಟೆಗಳನ್ನಲ್ಲ. ಸರ್ಕಾರವೂ ಇದರಲ್ಲಿ ಸಂತನಲ್ಲ. ಕುಚ್ಚಲಕ್ಕಿ ಉಂಡು ಬೆಳೆದ ಕರಾವಳಿಯವರು ಪಡಿತರದಲ್ಲಿ ಕುಚ್ಚಲಕ್ಕಿ ಕೊಡಿ ಎಂದು ವರ್ಷಗಟ್ಟಲೆ ಬೇಡಿದಾಗ ಹೆಚ್ಚಾಗಿ ಬೆಳ್ತಿಗೆ ಅಕ್ಕಿಯನ್ನೇ ಸುರಿದಿದೆ. ನಾಲಗೆಯನ್ನು ಕೇಳದೆ ಅಡುಗೆ ಮಾಡುವವರೆಲ್ಲ ಒಂದೇ ಪಂಕ್ತಿಯವರು.

ಆದ್ದರಿಂದ ಮಂಡಳಿಗೆ ಒಂದು ಬಿನ್ನಹ. ಒಂದು ತಿಂಗಳು ಸದಸ್ಯರೆಲ್ಲ ಅದೇ ಕ್ಯಾಂಟೀನಿನಲ್ಲಿ, ಅದೇ ಬೆಂಚಿನಲ್ಲಿ, ಮಕ್ಕಳಿಗೆ ಸಿಗುವ ಅದೇ ಹದಿನೈದು ನಿಮಿಷದಲ್ಲಿ ಉಣ್ಣಿ. ಮಕ್ಕಳ ಹತ್ತಿರ ಕೇಳಿ, ಹಾಜರಿ ನೋಡಿ, ಒಲೆ ಹಚ್ಚಿ. ಉಳಿಯುವುದು ತಾನಾಗಿ ಇಳಿಯುತ್ತದೆ. ಆಶ್ರಮಕ್ಕೆ ಕೊಡಲೇಬೇಕೆಂದು ಕೈ ತುರಿಸಿದರೆ, ಅಜ್ಜಿಯಂದಿರಿಗೆ ಏನು ಇಷ್ಟವೆಂದು ಕೇಳಿ, ಹೊಸದಾಗಿ ಮಾಡಿಸಿ, ಹನ್ನೆರಡೂವರೆಗೆ ಮುಟ್ಟಿಸಿ.

ಮಂಡಳಿ ಒಪ್ಪಲಿಕ್ಕಿಲ್ಲ. ಹೊಸದಾಗಿ ಮಾಡಿಸಲು ದುಡ್ಡು ಬೇಕು. ಏನೂ ಉಳಿಯದಿದ್ದರೆ ಫೋಟೊಕ್ಕೆ ಏನೂ ಸಿಗುವುದಿಲ್ಲ.