ದೆವ್ವಕ್ಕಿದ್ದ ತಾಳ್ಮೆ

ಶನಿವಾರ ಸಂಜೆ ಐದೂ ಹತ್ತು. ನಮ್ಮಣ್ಣನ ಮಗ ಪುಟ್ಟ ಕನ್ನಡಿ ಮುಂದೆ ನಿಂತು ಅರ್ಧ ಗಂಟೆಯಾಗಿತ್ತು. ಹೆಸರಿಗೆ ಪುಟ್ಟ, ವಯಸ್ಸು 27, ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕು. ಕೆಲಸ ಸಿಕ್ಕಿ ಬೆಂಗಳೂರಿಗೆ ಬಂದವನು ನಮ್ಮನೆ ಮಹಡಿ ರೂಮಿನಲ್ಲಿದ್ದಾನೆ. ಬೆಳಿಗ್ಗೆ ಇಸ್ತ್ರಿಯಾಗಿದ್ದ ಅಂಗಿಗೆ ಮಧ್ಯಾಹ್ನ ಇನ್ನೊಮ್ಮೆ ಇಸ್ತ್ರಿಯಾಗಿತ್ತು. ಅವನು ಹಾಕಿಕೊಂಡ ಸೆಂಟಿನ ಘಾಟು ಮೆಟ್ಟಿಲಿಳಿದು ಬಂದು, ದೇವರ ಮನೆಯ ಊದುಬತ್ತಿಯ ಜೊತೆ ಜಗಳಕ್ಕೆ ನಿಂತಿತ್ತು.

ವಿಷಯ ಇಷ್ಟೇ. ಯಾವುದೋ ಆ್ಯಪಿನಲ್ಲಿ ಪರಿಚಯವಾದ ಹುಡುಗಿಯನ್ನು ಆರೂವರೆಗೆ ಚರ್ಚ್ ಸ್ಟ್ರೀಟಿನಲ್ಲಿ ಕಾಣುವುದಿತ್ತು. ಇದಕ್ಕೆ ಡೇಟ್ ಅನ್ನುತ್ತಾರೆ. ನಮ್ಮ ಕಾಲದಲ್ಲಿ ಡೇಟ್ ಅಂದರೆ ಕೋರ್ಟಿನದ್ದು. ಅದೂ ಮುಂದಕ್ಕೆ ಹೋಗುತ್ತಲೇ ಇರುತ್ತಿತ್ತು. ಆದರೆ ಅದಕ್ಕೆ ಯಾರೂ ಸೆಂಟು ಹಾಕಿಕೊಂಡು ಹೋಗುತ್ತಿರಲಿಲ್ಲವಾದ್ದರಿಂದ ಅಷ್ಟು ನೋವಾಗುತ್ತಿರಲಿಲ್ಲ.

ಫೋನು ಟಿಂಗ್ ಅಂದಿತು. ಪುಟ್ಟ ನೋಡಿದ. ಮೆಟ್ಟಿಲ ಮೇಲೆ ಕುಸಿದು ಕೂತ. ‘ಸಾರಿ, ಇವತ್ತು ಬರೋಕಾಗ್ತಿಲ್ಲ. ಇನ್ನೊಂದ್ಸಲ ಸಿಗೋಣ.’

ಕೂತವನು ಸುಮ್ಮನಿರಲಿಲ್ಲ. ಎರಡೂ ಹೆಬ್ಬೆರಳು ಕುಟ್ಟತೊಡಗಿದವು. ಚಿಕ್ಕಪ್ಪನಾದವನಿಗೆ ಇಣುಕುವ ಹಕ್ಕಿರುತ್ತದೆ, ಇಣುಕಿದೆ. ‘ಪರವಾಗಿಲ್ಲ ಬಿಡಿ. ನನಗಿದೆಲ್ಲ ಅಭ್ಯಾಸ ಆಗಿಹೋಗಿದೆ. ನಿಮಗೋಸ್ಕರ ಫ್ರೆಂಡ್ಸ್ ಜೊತೆ ಮ್ಯಾಚ್ ನೋಡೋದು ಬಿಟ್ಟಿದ್ದೆ. ಜನ ಹೇಗಿರ್ತಾರೆ ಅಂತ ಗೊತ್ತಾಯ್ತು. ಒಳ್ಳೇದಾಗಲಿ.’

ಸೊಪ್ಪು ಸೋಸುತ್ತಿದ್ದ ನಮ್ಮನೆಯವಳು ಅಲ್ಲಿಂದಲೇ ಕೂಗಿದಳು. “ಕಳಿಸಬೇಡ ಕಣೋ! ಫೋನು ಮೇಜಿನ ಮೇಲಿಡು. ಡಿಕಾಕ್ಷನ್ ಹಾಕಿದೀನಿ. ಅದು ಇಳಿಯೋ ಹೊತ್ತಿಗೆ ಇದೂ ಇಳಿಯತ್ತೆ.”

‘ಇದು’ ಅಂದರೆ ಕೋಪ. ಹೊಸದಾಗಿ ಪುಡಿ ಹಾಕಿ ಬಿಸಿನೀರು ಸುರಿದರೆ ನಮ್ಮ ಹಿತ್ತಾಳೆ ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯಲು ಹದಿನೈದು ನಿಮಿಷವಾದರೂ ಬೇಕು. ತಲೆಗೆ ಬಡಿದರೂ ಬೇಗ ಇಳಿಯುವುದಿಲ್ಲ, ಬಡಿದರೆ ಗಷ್ಟು ಕೆಳಗೆ ಬರುತ್ತದೆ. ಸಿಟ್ಟಿನದೂ ಇದೇ ಯಂತ್ರ. ಮೊದಲ ಹದಿನೈದು ನಿಮಿಷದೊಳಗೆ ಬರೆದದ್ದರಲ್ಲಿ ಬರೀ ಗಷ್ಟು.

ಕಾಫಿ ಬರುವ ತನಕ ಪುಟ್ಟನ ಮೆಸೇಜಿನ ಪೋಸ್ಟ್‌ಮಾರ್ಟಂ ನಡೆಯಿತು. ನಡೆಸಿದವಳು ನಮ್ಮನೆಯವಳು. ನಾನು ಪಕ್ಕವಾದ್ಯ.

“ನೋಡೋ, ‘ಪರವಾಗಿಲ್ಲ’ ಅಂದ್ರೆ ಪರವಾಗಿಲ್ಲ. ‘ಪರವಾಗಿಲ್ಲ ಬಿಡಿ’ ಅಂದ್ರೆ ಪರವಾಗಿದೆ. ಆ ‘ಬಿಡಿ’ ಇದೆಯಲ್ಲ, ಅದು ಬಿಡೋದಲ್ಲ, ಹಿಡಿಯೋದು.”

ಎಂಥ ಮಾತು! ಕನ್ನಡದ ಬಾಲಂಗೋಚಿಗಳ ಮೇಲೆ ಯಾರಾದರೂ ಪಿಎಚ್‌ಡಿ ಮಾಡಬೇಕು. ‘ಆಯ್ತು ರೀ’ ಅಂದರೆ ಸ್ನೇಹ. ‘ಆಯ್ತಪ್ಪ’ ಅಂದರೆ ಸೋಲು. ‘ಆಯ್ತು ಬಿಡು’ ಅಂದರೆ ಲೆಕ್ಕ ಬರೆದಿಟ್ಟುಕೊಂಡಿದ್ದೇನೆ ಎಂದರ್ಥ. ‘ಸರಿ’ ಸರಿಯಾಗಿಯೇ ಇದೆ, ‘ಸರಿ ಹಾಗಾದ್ರೆ’ ಅಂದಾಗ ಹೊಸ್ತಿಲ ಮೇಲೆ ನಿಂತು ಚಪ್ಪಲಿ ಮೆಟ್ಟುವ ಸದ್ದು ಕೇಳಿಸುತ್ತದೆ. ‘ನಿಮ್ಮಿಷ್ಟ’ ಅನ್ನುವುದರಲ್ಲಿ ಎದುರಿನವರ ಇಷ್ಟ ಎಳ್ಳಷ್ಟೂ ಇರುವುದಿಲ್ಲ. ‘ಒಳ್ಳೇದಾಗಲಿ’ಯಂತೂ ಶಾಪದ ಸಭ್ಯ ರೂಪ. ಎಲ್ಲಕ್ಕಿಂತ ಅಪಾಯದ್ದು, ಬಾಲವೇ ಇಲ್ಲದ ‘ಆಯ್ತು’, ಮುಂದೊಂದು ಚುಕ್ಕಿ. ಮೂವತ್ತು ವರ್ಷ ಸಂಸಾರ ಮಾಡಿದವರು ಆ ಚುಕ್ಕಿ ಕಂಡರೆ ಮನೆಗೆ ಹೋಗುವ ದಾರಿಯಲ್ಲಿ ಮಲ್ಲಿಗೆ ಹೂವು ಕೊಳ್ಳುತ್ತಾರೆ.

“ಆದ್ರೆ ಚಿಕ್ಕಮ್ಮ, ಅವಳು ಕೈ ಕೊಟ್ಟಳಲ್ಲ!” ಅಂದ ಪುಟ್ಟ.

ಇಲ್ಲಿ ನಾನು ಬಾಯಿ ಹಾಕಿದೆ. ನಮ್ಮ ಭಾಷೆಯಲ್ಲಿ ಕೈಯ ವ್ಯವಹಾರ ಸೂಕ್ಷ್ಮವಾದದ್ದು. ಕೈ ಹಿಡಿದರೆ ಮದುವೆ, ಕೈ ಬಿಟ್ಟರೆ ಅನಾಥ, ಕೈ ಎತ್ತಿದರೆ ದಿವಾಳಿ, ಕೈ ಮಾಡಿದರೆ ಪೊಲೀಸ್ ಸ್ಟೇಷನ್ನು. ಕೈ ಕೊಡುವುದು ಅಂದರೆ ನೀನು ಹೋಗಿ ಕೂತು, ಎರಡು ಕಾಫಿ ಕುಡಿದು, ಮೂರನೆಯದಕ್ಕೆ ವೇಟರ್ ಕನಿಕರದಿಂದ ನೋಡುವ ತನಕ ಆ ಕಡೆಯಿಂದ ಸುದ್ದಿಯೇ ಇಲ್ಲದಿರುವುದು. ಈ ಹುಡುಗಿ ನೀನು ಮನೆ ಬಿಡುವ ಮೊದಲೇ ತಿಳಿಸಿದ್ದಾಳೆ. ಇದು ಕೈ ಕೊಡುವುದಲ್ಲ, ಕೈ ಮುಗಿಯುವುದು. ಎರಡಕ್ಕೂ ಒಂದೇ ಉತ್ತರ ಕೊಟ್ಟರೆ ಹೇಗೆ?

“ಕಾರಣವನ್ನಾದ್ರೂ ಹೇಳಬಹುದಿತ್ತು.”

“ಹೇಳಿದ್ರೆ ನಂಬ್ತಿದ್ಯಾ?” ಅಂದಳು ಚಿಕ್ಕಮ್ಮ. ಬೆಂಗಳೂರಿನಲ್ಲಿ ಕಾರಣಕ್ಕೇನು ಬರ? ಮಳೆ ಇದೆ, ಸಿಲ್ಕ್ ಬೋರ್ಡ್ ಇದೆ, ಅಮೆರಿಕದವರು ಎದ್ದ ಹೊತ್ತಿಗೇ ಶುರುವಾಗುವ ಆಫೀಸ್ ಕಾಲ್ ಇದೆ. “ಅದೆಲ್ಲ ಬಿಡು, ಮುಖವೇ ನೋಡಿಲ್ಲದ ಒಬ್ಬ ಗಂಡಸನ್ನ ನೋಡೋಕೆ ಒಬ್ಬಳೇ ಹೊರಟ ಹುಡುಗಿಗೆ ಕೊನೇ ಗಳಿಗೆಯಲ್ಲಿ ‘ಬೇಡ’ ಅನ್ನಿಸಿರಬಹುದು. ಅನ್ನಿಸೋದು ಅವಳ ಹಕ್ಕು. ಕಾರಣ ಕೇಳೋಕೆ ನೀನೇನು ಅವಳ ಹೆಡ್‌ಮಾಸ್ಟರಾ? ರಜಾ ಚೀಟಿ ಬೇಕಾ?”

ಪುಟ್ಟ ಕಾಫಿ ಲೋಟದೊಳಗೆ ಮುಖ ಇಟ್ಟ.

ನಮ್ಮ ಗಂಡಸರಿಗೆ ಕಾಯುವ ಅಭ್ಯಾಸ ಕಡಿಮೆ ಎಂಬುದು ಪುರಾಣಕಾಲದಿಂದ ಬಂದ ದೋಷ. ಶಬರಿ ಕಾದಳು, ಅಹಲ್ಯೆ ಕಾದಳು, ಊರ್ಮಿಳೆ 14 ವರ್ಷ ಕಾದಳು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಗಂಡಸರ ಪೈಕಿ ಹೆಸರಾಂತವನು ಭರತ. ಪಾದುಕೆ ಇಟ್ಟುಕೊಂಡು ಕಾದ, ನಿಜ. ಆದರೆ ಷರತ್ತು ಏನು? 14 ವರ್ಷ ತುಂಬಿದ ದಿನ ನೀನು ಬರದಿದ್ದರೆ ಬೆಂಕಿಗೆ ಬೀಳುತ್ತೇನೆ ಅಂತ. ಇದಕ್ಕೆ ಶಾಂತವಾಗಿ ಕಾಯುವುದು ಅನ್ನುತ್ತಾರೆಯೇ? ರಾಮನಿಗೂ ತಮ್ಮನ ಸ್ವಭಾವ ಗೊತ್ತಿತ್ತು. ತಾನು ಬರುವ ಮುಂಚೆ ಹನುಮಂತನನ್ನು ನಂದಿಗ್ರಾಮಕ್ಕೆ ಓಡಿಸಿ ‘ಬರ್ತಿದ್ದೀನಿ’ ಅಂತ ಸುದ್ದಿ ಮುಟ್ಟಿಸಿದ.

ಹಾಗಾದರೆ ಮಾದರಿ ಯಾರು? ನನ್ನ ಪ್ರಕಾರ ನಮ್ಮೂರಿನ ಆ ದೆವ್ವ.

ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಹಬ್ಬಿದ್ದ ‘ನಾಳೆ ಬಾ’ ಸುದ್ದಿ ನೆನಪಿದೆಯೇ? ರಾತ್ರಿ ಹೊತ್ತು ಹೆಣ್ಣು ದೆವ್ವವೊಂದು ಬೀದಿ ಬೀದಿ ಸುತ್ತುತ್ತದೆ, ಮನೆಯವರದೇ ದನಿಯಲ್ಲಿ ಕರೆದು ಬಾಗಿಲು ತಟ್ಟುತ್ತದೆ, ತೆಗೆದವರ ಕಥೆ ಮುಗಿಯಿತು ಅಂತ. ಜನ ಕಂಡುಕೊಂಡ ಉಪಾಯ ಸೀಮೆಸುಣ್ಣದ್ದು. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ದೆವ್ವ ಬರುತ್ತಿತ್ತಂತೆ, ಓದುತ್ತಿತ್ತಂತೆ, ಹೋಗುತ್ತಿತ್ತಂತೆ. ಈ ಕಥೆಯ ಎಳೆ ಹಿಡಿದು ಹಿಂದಿಯವರು 2018ರಲ್ಲಿ ‘ಸ್ತ್ರೀ’ ಅಂತ ಸಿನಿಮಾ ಮಾಡಿ ದುಡ್ಡೂ ಎಣಿಸಿಕೊಂಡರು.

ಎಲ್ಲರೂ ಆ ಕಥೆಯಲ್ಲಿ ಭಯ ನೋಡಿದರು, ನಾನು ಸಂಸ್ಕಾರ ನೋಡಿದೆ. ಅಷ್ಟು ದೂರದಿಂದ, ಅಷ್ಟು ಹೊತ್ತಿನಲ್ಲಿ, ಬಿಳಿ ಸೀರೆ ಉಟ್ಟು ತಯಾರಾಗಿ ಬಂದಿದೆ. ಬಾಗಿಲ ಮೇಲೆ ಎರಡೇ ಪದ. ಯಾಕೆ ಅಂತ ಕೇಳಲಿಲ್ಲ. ‘ನಿನ್ನೆಯೂ ಹೀಗೇ ಅಂದಿದ್ರಿ’ ಅನ್ನಲಿಲ್ಲ. ‘ನಿಮಗೋಸ್ಕರ ಸ್ಮಶಾನ ಬಿಟ್ಟು ಬಂದೆ’ ಎಂದು ಲೆಕ್ಕ ಒಪ್ಪಿಸಲಿಲ್ಲ. ಬಾಗಿಲು ಒದೆಯಲಿಲ್ಲ. ನಾಳೆ ಅಂದಿದ್ದಾರೆ, ನಾಳೆ ಬರೋಣ ಎಂದು ತಿರುಗಿಕೊಂಡಿತು. ಹೇಳದೆ ಕೇಳದೆ ಮಾಯವಾಗುವುದಕ್ಕೆ ಈಗಿನವರು ಘೋಸ್ಟಿಂಗ್ ಅನ್ನುತ್ತಾರಂತೆ. ನಮ್ಮ ದೆವ್ವಕ್ಕೆ ಇದಕ್ಕಿಂತ ಅವಮಾನ ಬೇಕೆ? ಅದು ಮಾತಿಗೆ ತಪ್ಪಿದ್ದೇ ಇಲ್ಲ.

ಒಂದು ತಿದ್ದುಪಡಿ ಮಾತ್ರ ಬೇಕು. ದೆವ್ವಕ್ಕೆ ಆಯುಸ್ಸಿನ ಚಿಂತೆಯಿಲ್ಲ, ನಮಗಿದೆ. ‘ಇವತ್ತಾಗಲ್ಲ, ಬುಧವಾರ ಆಗತ್ತಾ?’ ಅಂದರೆ ಅದರಲ್ಲಿ ಜೀವವಿದೆ, ಬುಧವಾರ ಹೋಗು. ‘ಸಿಗೋಣ’ ಅಂದರೆ ನಾಡಿ ಸಿಗುತ್ತಿದೆ. ‘ನೋಡೋಣ’ ಅಂದರೆ, ಅಪ್ಪಾ, ಕನ್ನಡದಲ್ಲಿ ‘ಇಲ್ಲ’ ಅನ್ನುವುದಕ್ಕೆ ಇರುವ ಅತಿ ಮೃದುವಾದ ಪದ ಅದು. ಸಾಲ ಕೇಳಿದವರಿಗೆ ನಾವು ಹೇಳುವುದೂ ಅದೇ. ಮೂರು ಸಲ ಅದೇ ಬರಹ ಕಂಡರೆ ನಾಲ್ಕನೇ ಸಲ ಆ ಬೀದಿಗೇ ಹೋಗಬಾರದು. ಹೋಗದಿರುವಾಗಲೂ ಬಾಗಿಲಿಗೆ ಕಲ್ಲು ಹೊಡೆಯಬಾರದು.

“ಇಷ್ಟೆಲ್ಲ ಹೇಳ್ತಿದ್ದೀರಲ್ಲ ಚಿಕ್ಕಪ್ಪ, ನಿಮಗೆ ಹೀಗಾಗಿದ್ರೆ ಗೊತ್ತಾಗ್ತಿತ್ತು” ಅಂದ ಪುಟ್ಟ.

ನಮ್ಮನೆಯವಳು ನಕ್ಕಳು. ಆ ನಗುವಿನ ಅರ್ಥ ನನಗೆ ಗೊತ್ತು. ಒಳಗೆ ಹೋಗಿ ಟ್ರಂಕು ತೆಗೆದಳು. ಮದುವೆ ಸೀರೆಯ ಮಡಿಕೆಯಿಂದ ನೀಲಿ ಇನ್‌ಲ್ಯಾಂಡ್ ಲೆಟರ್ ಹೊರಬಂತು.

1992ರ ಆಗಸ್ಟ್. ನಿಶ್ಚಿತಾರ್ಥವಾಗಿತ್ತು, ಮದುವೆಗೆ ಮೂರು ತಿಂಗಳಿತ್ತು. ಫ್ಲವರ್ ಶೋ ನೆಪದಲ್ಲಿ ಲಾಲ್‌ಬಾಗಿನಲ್ಲಿ ಸಿಗುವುದು, ಅವಳ ತಮ್ಮ ಕಾವಲು ಬರುವುದು ಎಂದು ಮಾತಾಗಿತ್ತು. ಕೆಂಪೇಗೌಡ ಗೋಪುರದ ಬಂಡೆಯ ಮೇಲೆ ನಾಲ್ಕು ಗಂಟೆಗೆ ಕೂತೆ. ಆರೂವರೆವರೆಗೆ ಕೂತೆ. ಮೂರು ಪೊಟ್ಟಣ ಕಡಲೆಕಾಯಿ ಮುಗಿಯಿತು. ಬರಲಿಲ್ಲ. ತಿಳಿಸುವುದಕ್ಕೆ ಮೊಬೈಲೆಲ್ಲಿತ್ತು? ನಮ್ಮನೆಯದು ಪಿ.ಪಿ. ನಂಬರು, ಅಂದರೆ ಪಕ್ಕದ ಮನೆಯವರ ಫೋನು. ಅವರೂ ಫ್ಲವರ್ ಶೋಗೇ ಬಂದಿದ್ದರು, ನನ್ನನ್ನು ಬಂಡೆ ಮೇಲೆ ನೋಡಿ ಕೈ ಬೀಸಿದ್ದೂ ಆಗಿತ್ತು. ಆ ಬಂಡೆ ಸುಮಾರು 300 ಕೋಟಿ ವರ್ಷದ್ದು ಅಂತ ಭೂವಿಜ್ಞಾನದವರು ಹೇಳುತ್ತಾರೆ. 300 ಕೋಟಿ ವರ್ಷದಿಂದ ಸುಮ್ಮನೆ ಕೂತಿರುವ ಕಲ್ಲಿನ ಮೇಲೆ ಎರಡೂವರೆ ಗಂಟೆ ಕೂತವನು ನಾನು. ಕಲ್ಲಿನಿಂದ ಏನೂ ಕಲಿಯದೆ ನೇರ ಮನೆಗೆ ಬಂದು ಪೆನ್ನು ಹಿಡಿದೆ.

“ಮಾನ್ಯರೇ,” ಎಂದು ಓದತೊಡಗಿದಳು ನಮ್ಮನೆಯವಳು. ಹೌದು, ಮದುವೆಯಾಗುವ ಹುಡುಗಿಗೆ ‘ಮಾನ್ಯರೇ’ ಎಂದು ಬರೆದಿದ್ದೆ. ‘ನನ್ನ ಸಮಯಕ್ಕೆ ಬೆಲೆಯಿಲ್ಲವೆಂದು ತಾವು ಭಾವಿಸಿದಂತಿದೆ’ ಎಂದಿದ್ದೆ. ಆಗ ನನ್ನ ಹತ್ತಿರ ಇದ್ದದ್ದೇ ಸಮಯ, ಬೇರೇನೂ ಇರಲಿಲ್ಲ. ಒಳಗಿನ ಜಾಗ ಸಾಲದೆ, ಅಂಟು ಹಚ್ಚಿ ಮಡಿಚುವ ಅಂಚಿನಲ್ಲೂ ಸಿಟ್ಟು ಬರೆದಿದ್ದೆ. ಅದನ್ನು ನೆಕ್ಕಿ ಅಂಟಿಸಿದ್ದೂ ನಾನೇ. ಕಾರಣ ಏನಾಗಿತ್ತು ಅಂದರೆ, ಅವಳು ಹೊರಡುವ ಹೊತ್ತಿಗೆ ಸರಿಯಾಗಿ ತಿಪಟೂರಿನಿಂದ ಸೋದರಮಾವ ಒಂದು ಮೂಟೆ ತೆಂಗಿನಕಾಯಿ ಹೊತ್ತು ಬಂದಿಳಿದಿದ್ದರು. ಮಾವನನ್ನು ಬಾಗಿಲಲ್ಲಿ ನಿಲ್ಲಿಸಿ ಭಾವಿ ಗಂಡನನ್ನು ನೋಡಲು ಓಡುವ ಧೈರ್ಯ 1992ರಲ್ಲಿ ಯಾವ ಹುಡುಗಿಗಿತ್ತು?

ಪ್ರತಿ ವರ್ಷ ಮದುವೆ ದಿನ ಈ ಪತ್ರದ ಪಾರಾಯಣವಾಗುತ್ತದೆ. ಮಕ್ಕಳಿಗೆ ಬಾಯಿಪಾಠ. ಈಗ ವಾಟ್ಸ್ಯಾಪಿನಲ್ಲಿ ಕಳಿಸಿದ್ದನ್ನು ಅಳಿಸಬಹುದು, 2017ರಿಂದ ಆ ಸೌಕರ್ಯ ಬಂದಿದೆ. ಅಳಿಸಿದರೂ ‘ಅಳಿಸಿದ್ದಾರೆ’ ಎಂಬ ಗುರುತು ಉಳಿಯುತ್ತದೆ. ಅಷ್ಟರಲ್ಲಿ ಆ ಕಡೆ ಸ್ಕ್ರೀನ್‌ಶಾಟು ಹೊಡೆದು ಮೂವರು ಗೆಳತಿಯರಿಗೆ ಹಂಚಿಯೂ ಆಗಿರುತ್ತದೆ. ಅದು ಈ ಕಾಲದ ಟ್ರಂಕು.

ಪುಟ್ಟ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕ ಮೇಲೆ ತಾನೇ ಮೊದಲಿನದನ್ನೆಲ್ಲ ಒರೆಸಿ ಹೊಸದಾಗಿ ಬರೆದ. ‘ಆಯ್ತು ರೀ, ತೊಂದ್ರೆ ಇಲ್ಲ. ತಿಳಿಸಿದ್ದಕ್ಕೆ ಥ್ಯಾಂಕ್ಸ್. ನಿಮಗೆ ಅನುಕೂಲ ಆದಾಗ ಹೇಳಿ, ಸಿಗೋಣ.’ ಹನ್ನೊಂದೇ ಪದ. ಕೇಳಿದ್ದು ಏನೂ ಇಲ್ಲ, ಕುಟುಕಿದ್ದು ಇಲ್ಲ, ಬಾಗಿಲು ಅವಳ ಕೈಯಲ್ಲಿ. ಕಳಿಸಿ ಫೋನು ಜೇಬಿಗೆ ಹಾಕಿದ. ನೀಲಿ ಗೆರೆ ಬಂತೇ ಎಂದು ಹತ್ತು ಸಲ ತೆಗೆದು ನೋಡಲಿಲ್ಲ, ಮೂರು ಸಲ ನೋಡಿದ ಅಷ್ಟೇ.

ಉಳಿದದ್ದು ಇಸ್ತ್ರಿ ಮಾಡಿದ ಅಂಗಿ. ಎರಡೆರಡು ಸಲ ಇಸ್ತ್ರಿಯಾದದ್ದನ್ನು ಮಡಿಚಿಡುವುದು ಪಾಪ. “ನಡಿ, ಗಾಂಧಿಬಜಾರಿಗೆ ಹೋಗಿ ದೋಸೆ ತಿಂದು ಬರೋಣ” ಅಂದೆ. ಏಳು ಗಂಟೆಗೆ ನಮ್ಮನೆಯವಳನ್ನು ಗಿರಿನಗರದ ಅವಳ ಅಕ್ಕನ ಮನೆಗೆ ಕರೆದೊಯ್ಯುವುದಿತ್ತು. “ಅಷ್ಟರಲ್ಲಿ ಬಂದುಬಿಡ್ತೀವಿ” ಎಂದು ಹೊರಟೆವು.

ವಿದ್ಯಾರ್ಥಿ ಭವನದ ಮುಂದೆ ಶನಿವಾರ ಸಂಜೆಯ ಜನ. ಹೆಸರು ಬರೆಸಿ ಫುಟ್‌ಪಾತಿನಲ್ಲಿ ನಿಂತೆವು. ಪುಟ್ಟನಿಗೆ ತೋರಿಸಿದೆ: ನೋಡು, 1943ರಿಂದ ಇಲ್ಲಿ ಜನ ಕಾಯುತ್ತಿದ್ದಾರೆ. ಮುಕ್ಕಾಲು ಗಂಟೆ ನಿಂತರೂ ಯಾರೂ ದೋಸೆಗೆ ‘ಜನ ಹೇಗಿರ್ತಾರೆ ಅಂತ ಗೊತ್ತಾಯ್ತು’ ಎಂದು ಬರೆಯುವುದಿಲ್ಲ. ಬರುತ್ತದೆ ಅನ್ನುವ ನಂಬಿಕೆ, ಬರದಿದ್ದರೆ ಬೀದಿಯಲ್ಲಿ ಇನ್ನೊಂದು ಹೋಟೆಲ್ಲಿದೆ ಅನ್ನುವ ಧೈರ್ಯ, ಎರಡೂ ಇದ್ದರೆ ಕಾಯುವುದು ಕಷ್ಟವಲ್ಲ. ಒಳಗೆ ಕೂತಾಗ ಮೊಣಕೈವರೆಗೆ ತಟ್ಟೆಗಳನ್ನು ಪೇರಿಸಿಕೊಂಡು ಬಂದ ಮಾಣಿ ನಮ್ಮೆರಡನ್ನು ಇಳಿಸಿ ಹೋದ. ಕೆಂಪಗೆ, ಗರಿಗರಿ, ಮೇಲೆ ಬೆಣ್ಣೆ.

ಆಗ ಗೋಡೆ ಗಡಿಯಾರ ಕಂಡಿತು. ಏಳೂ ಇಪ್ಪತ್ತು.

ಎಡಗೈಯಲ್ಲಿ ಒತ್ತಿದೆ: ‘ಸಾರಿ ಕಣೇ, ಇಲ್ಲಿ ಲೇಟಾಯ್ತು. ಅಕ್ಕನ ಮನೆಗೆ ನಾಳೆ ಹೋಗೋಣ.’

ತಕ್ಷಣ ಉತ್ತರ ಬಂತು. ‘ಆಯ್ತು.’

ಪುಟ್ಟ ಇಣುಕಿ ನೋಡಿದ, ಅವನಿಗೂ ಹಕ್ಕಿದೆ. “ಚಿಕ್ಕಪ್ಪ, ಚುಕ್ಕಿ ಇದೆ” ಅಂದ ಮೆಲ್ಲಗೆ.

ಮಲ್ಲಿಗೆ ಎರಡು ಮೊಳ ಕೊಂಡೆ. ಮನೆ ಮುಟ್ಟಿದಾಗ ಎಂಟೂವರೆ. ಕರೆಗಂಟೆ ಒತ್ತುವ ಮೊದಲು ಮೊಬೈಲ್ ಬೆಳಕು ಬಿಟ್ಟು ಬಾಗಿಲ ಮೇಲೆ ಏನಾದರೂ ಬರೆದಿದೆಯೇ ಎಂದು ನೋಡಿದೆ. ಬರಹ ಏನೂ ಇರಲಿಲ್ಲ. ಒಳಗಿನಿಂದ ಚಿಲಕ ಮಾತ್ರ ಹಾಕಿತ್ತು.